ತಪ್ಪಿಲ್ಲದೆ ಓದುವವಳು

ಮೊನ್ನೆ ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಒಬ್ಬನೇ ಇರುವವನು ಅವರೆಕಾಯಿ ತರಬಾರದು. ತಂದರೆ ಸುಲಿಯಲು ಇನ್ನೊಂದು ಜೊತೆ ಕೈ ಬೇಕೆನಿಸುತ್ತದೆ, ಕೈ ಇದ್ದಲ್ಲಿ ಮಾತೂ ಬೇಕೆನಿಸುತ್ತದೆ. ಆದರೂ ಗಾಂಧಿ ಬಜಾರಿನಲ್ಲಿ ಆ ಸೊಗಡು ಮೂಗಿಗೆ ಬಡಿದ ಮೇಲೆ ಚೀಲ ತಾನಾಗಿಯೇ ಬಾಯಿ ತೆರೆಯಿತು. ಸುಲಿದ ಕಾಳು ಬಟ್ಟಲಿನ ತಳವನ್ನೂ ಮುಚ್ಚಿರಲಿಲ್ಲ, ಅಷ್ಟರಲ್ಲಿ ಮೊಬೈಲು ಗುಂಯ್ ಎಂದಿತು.

ನನಗೆ ಮೆಸೇಜು ಕಳಿಸುವವರು ಕಡಿಮೆ. ಗ್ಯಾಸಿನವರು, ಕರೆಂಟಿನವರು, ಹನುಮಂತನಗರದಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟು ನನಗಾಗಿಯೇ ಕಾದಿದೆ ಎನ್ನುವ ಯಾರೋ ಪುಣ್ಯಾತ್ಮರು. ಕೈ ಒರೆಸಿಕೊಂಡು ನೋಡಿದೆ. ‘ಗೌರಮ್ಮ ಅವರೇ, ನೀವು ಎರವಲು ಪಡೆದಿರುವ ಧ್ವನಿಪುಸ್ತಕದ ಅವಧಿ ನಾಳೆ ಮುಗಿಯುತ್ತದೆ. ಮುಂದುವರಿಸಲು ಇಲ್ಲಿ ಒತ್ತಿ’ ಎಂದಿತ್ತು. ಗ್ರಂಥಾಲಯದ್ದು. ಒತ್ತಿದೆ. ‘ಧನ್ಯವಾದ, ಗೌರಮ್ಮ ಅವರೇ’ ಎಂದು ಇನ್ನೊಂದು ಬಂತು. ನಾನು ಮತ್ತೆ ಅವರೆಕಾಯಿಗೆ ಕೈ ಹಾಕಿದೆ.

ಗೌರಮ್ಮ ನನ್ನ ಅಕ್ಕ. ಹೋಗಿ ವರ್ಷ ತುಂಬುತ್ತಾ ಬಂತು. ಈ ಸುದ್ದಿಯನ್ನು ಗ್ರಂಥಾಲಯದ ಕಂಪ್ಯೂಟರಿಗೆ ಯಾರೂ ಹೇಳಿಲ್ಲ. ಹೇಳಬೇಕಾದವನು ನಾನೇ. ಹೇಳಿದರೆ ಹೆಸರು ತೆಗೆದುಹಾಕುತ್ತಾರೆ. ಅಕ್ಕನನ್ನು ಈಗಲೂ ‘ಅವರೇ’ ಎಂದು ಗೌರವದಿಂದ ಕರೆದು ಮಾತಾಡಿಸುವುದು ಈ ಊರಿನಲ್ಲಿ ಅದೊಂದೇ. ಅದನ್ನೂ ಕಳೆಯಲು ನನಗೆ ಮನಸ್ಸಿಲ್ಲ. ಹಾಗಾಗಿ ಅವಧಿ ಮುಗಿಯುವ ಹಿಂದಿನ ದಿನ ಮೆಸೇಜು ಬರುತ್ತದೆ, ನಾನು ಒತ್ತುತ್ತೇನೆ, ಪುಸ್ತಕ ನಮ್ಮ ಮನೆಯಲ್ಲೇ ಉಳಿಯುತ್ತದೆ. ಈಗ ಇಷ್ಟು ತಪ್ಪದೆ ಒತ್ತುವವನು ಒಂದು ಸಲ, ಒತ್ತಲೇಬೇಕಾಗಿದ್ದಾಗ, ಒತ್ತಲಿಲ್ಲ. ಅದನ್ನು ಹೇಳಬೇಕೆಂದೇ ಕೂತಿದ್ದೇನೆ. ಹೇಳುತ್ತಾ ಹೇಳುತ್ತಾ ಎಲ್ಲೆಲ್ಲಿಗೋ ಹೋದರೆ ಸಹಿಸಿಕೊಳ್ಳಿ, ಸೀರೆ ಅಂಗಡಿಯಲ್ಲಿ ಆಯುಷ್ಯ ಕಳೆದವನು ನಾನು. ಗಿರಾಕಿ ಕೇಳಿದ ಬಣ್ಣವನ್ನು ಮೊದಲು ತೋರಿಸಿ ಅಭ್ಯಾಸವಿಲ್ಲ.

ಚಿಕ್ಕಪೇಟೆಯ ಆ ಅಂಗಡಿಯಲ್ಲಿ ಬಿಳಿ ಬಟ್ಟೆ ಹೊದಿಸಿದ ಗಾದಿಯ ಮೇಲೆ ಕೂತು ನಾನು ಸೀರೆ ಬಿಚ್ಚಿ ಎಸೆದರೆ ಸೆರಗು ನೇರವಾಗಿ ಗಿರಾಕಿಯ ಮಡಿಲಿಗೆ ಹೋಗಿ ಬೀಳುತ್ತಿತ್ತು. ಅದರ ಹಿಂದೆಯೇ ನನ್ನ ಮಾತು. ಈ ಹಸಿರು ನಿಮ್ಮ ಮೈಬಣ್ಣಕ್ಕೇ ನೇಯ್ದಿದ್ದು, ಈ ಜರಿ ಮೊಮ್ಮಗಳ ಮದುವೆಗೂ ಹೀಗೇ ಇರುತ್ತೆ. ಒಂದು ಕಡೆಯೂ ತಡೆ ಇರುತ್ತಿರಲಿಲ್ಲ. ಜರಿಯ ವಿಷಯ ಜರಿಗೇ ಗೊತ್ತು. ಅಕ್ಕ ಇದನ್ನು ‘ಅಂಗಡಿ ಮಾತು’ ಎನ್ನುತ್ತಿದ್ದಳು. ನಾನು ಮನೆಯಲ್ಲಿ ಏನನ್ನಾದರೂ ಸರಾಗವಾಗಿ ಹೇಳಿದರೆ ಸಾಕು, “ನಂಜ, ಇದು ಮನೆ ಮಾತೋ ಅಂಗಡಿ ಮಾತೋ?” ಎಂದು ಕೇಳುವಳು.

ಮಾತು ಹೀಗಿದ್ದರೂ ಓದು ಮಾತ್ರ ನನಗೆ ಒಲಿಯಲಿಲ್ಲ. ಕಣ್ಣಿನಲ್ಲಿ ಓದುತ್ತೇನೆ, ನಿಧಾನವಾಗಿ, ಗುಂಡಿ ಬಿದ್ದ ರಸ್ತೆಯಲ್ಲಿ ಸೈಕಲ್ ತುಳಿದ ಹಾಗೆ. ಬರೆಯುತ್ತಲೂ ಬರೆಯುತ್ತೇನೆ, ಅಳಿಸಿ ಅಳಿಸಿ. ಇದನ್ನೇ ಎಷ್ಟು ದಿನದಿಂದ ಬರೆಯುತ್ತಿದ್ದೇನೆ ಎಂದು ನೀವು ಕೇಳಬೇಡಿ. ಆದರೆ ನಾಲ್ಕು ಜನ ಕೇಳುವ ಹಾಗೆ ಜೋರಾಗಿ ಓದು ಎಂದರೆ ನಾಲಿಗೆ ಒಣಗುತ್ತದೆ. ಒತ್ತಕ್ಷರ ಎದುರಾದರೆ ನಿಲ್ಲುತ್ತೇನೆ, ಉದ್ದ ಪದವನ್ನು ನಡುವೆ ಮುರಿಯುತ್ತೇನೆ, ಸಾಲು ಹಾರುತ್ತೇನೆ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಎದ್ದು ನಿಲ್ಲಿಸಿ ಪಾಠ ಓದಿಸಿದಾಗ ಇಡೀ ತರಗತಿ ನಕ್ಕ ನಗು ನನಗಿನ್ನೂ ಕೇಳಿಸುತ್ತದೆ. ಆ ವರ್ಷದ ಪರೀಕ್ಷೆಯಾದ ಮೇಲೆ ನಾನು ಶಾಲೆಯ ಕಡೆ ಹೋಗಲಿಲ್ಲ. ಅಪ್ಪನ ವಿಭೂತಿ, ಕರ್ಪೂರ, ಊದುಬತ್ತಿಯ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಾ ಕೂತೆ.

ನಮ್ಮ ಮನೆಯಲ್ಲಿ ಓದಿದವಳು ಅಕ್ಕ. ಸ್ಕೂಲು ಟೀಚರಾದಳು. ಆದರೆ ಟೀಚರಾಗುವುದಕ್ಕೆ ಬಹಳ ಮೊದಲೇ ಅವಳಿಗೆ ಒಬ್ಬ ವಿದ್ಯಾರ್ಥಿ ಸಿಕ್ಕಿದ್ದ. ಚಾಮರಾಜಪೇಟೆಯ ವಠಾರದಲ್ಲಿ ನಮ್ಮದು ಕೊನೆಯ ಮನೆ. ಸಂಜೆ ಅಮ್ಮ ಒಲೆ ಹಚ್ಚುವ ಹೊತ್ತಿಗೆ ಅಕ್ಕ ನನ್ನನ್ನು ಬಾಗಿಲ ಹೊಸ್ತಿಲ ಮೇಲೆ ಕೂರಿಸಿ ಕೈಗೆ ಪುಸ್ತಕ ಕೊಡುವಳು. ತಾನು ಎದುರಿಗೆ ಅಮ್ಮನ ಕಂಚಿನ ಲೋಟ, ಒಂದು ಚಮಚ ಇಟ್ಟುಕೊಂಡು ಕೂರುವಳು. ಬಾಯಲ್ಲಿ ಬೈಯುತ್ತಿರಲಿಲ್ಲ. ಬೈಗುಳವೆಲ್ಲ ಲೋಟದ್ದೇ. ಟಣ್ ಎಂದು ಒಂದು ಸಲ ಬಡಿದರೆ ಪದ ತಪ್ಪಿತು ಎಂದರ್ಥ. ಟಣ್ ಟಣ್ ಎಂದರೆ ಸಾಲು ಹಾರಿತು. ಇನ್ನೊಂದಿತ್ತು. ನಾನು ತಡವರಿಸುವ ಕಷ್ಟ ತಾಳದೆ ಪುಸ್ತಕದಲ್ಲಿ ಇಲ್ಲದ್ದನ್ನು ತಲೆಯಿಂದ ಸೇರಿಸಿ ಓದುತ್ತಿದ್ದೆ. ಆಗ ಅವಳು ಚಮಚವನ್ನು ಲೋಟದೊಳಗೆ ಹಾಕಿ ಗಲಗಲ ತಿರುಗಿಸುವಳು. ಆ ಸದ್ದಿಗೆ ವಠಾರದ ಹೆಂಗಸರೆಲ್ಲ, “ನಂಜುಂಡ ಸ್ವಂತ ಸರಕು ತೆಗೆದ ನೋಡ್ರೇ” ಎಂದು ನಗುವರು. ಆ ನಗು ಮಾತ್ರ ನನಗೆ ಯಾವತ್ತೂ ನೋಯಲಿಲ್ಲ. ಯಾಕೆಂದರೆ ಅಕ್ಕನೂ ನಗುತ್ತಿದ್ದಳು, ಮತ್ತು ಆ ಸಾಲನ್ನು ನಾನು ಮತ್ತೆ ಓದುವವರೆಗೂ ಕಾಯುತ್ತಿದ್ದಳು.

ಓದುತ್ತಿದ್ದುದು ಪಕ್ಕದ ಮನೆಗೆ ಬರುತ್ತಿದ್ದ ಒಂದು ಮಾಸಪತ್ರಿಕೆ. ಎಂದೋ ನಿಂತುಹೋದದ್ದು, ಹೆಸರು ಹೇಳಿದರೆ ನಿಮಗೆ ನೆನಪಾಗಲಾರದು. ಅದರಲ್ಲೊಂದು ಧಾರಾವಾಹಿ ಬರುತ್ತಿತ್ತು. ದೋಣಿ ನಡೆಸುವವನ ಮಗಳು ನೀಲಿ. ಹೊಳೆ ಉಕ್ಕಿ ಬಂದು, ಕಟ್ಟಿದ್ದ ದೋಣಿ ಹಗ್ಗ ಹರಿದುಕೊಂಡು ತೇಲಿಹೋಗುತ್ತದೆ. ಅದರೊಳಗೆ ಅವಳ ಪುಟ್ಟ ತಮ್ಮ ಮಲಗಿರುತ್ತಾನೆ. ನೀಲಿ ಹೊಳೆಯ ದಂಡೆ ಹಿಡಿದು ತಮ್ಮನನ್ನು ಹುಡುಕುತ್ತಾ ಹೊರಡುತ್ತಾಳೆ. ಪ್ರತಿ ತಿಂಗಳೂ ಒಂದು ಊರು, ಒಂದು ಆಪತ್ತು. ಕೊನೆಯ ಕಂತು ಬರುವ ತಿಂಗಳೇ ಪಕ್ಕದ ಮನೆಯವರಿಗೆ ದಾವಣಗೆರೆಗೆ ವರ್ಗವಾಯಿತು, ಪತ್ರಿಕೆಯೂ ಅವರ ಹಿಂದೆ ಹೋಯಿತು. ತಮ್ಮ ಮುಳುಗಿರುತ್ತಾನೆ ಎಂದು ನಾನು. ಸಿಕ್ಕೇ ಸಿಗುತ್ತಾನೆ ಎಂದು ಅಕ್ಕ. ಅವಳ ಮದುವೆಯ ದಿನ ಕೂಡ, ಹಸೆಮಣೆಗೆ ಹೋಗುವ ಮುಂಚೆ, “ಮುಳುಗಿಲ್ಲ ಕಣೋ” ಎಂದಿದ್ದಳು. ಯಾರ ವಿಷಯ ಎಂದು ಪಕ್ಕದಲ್ಲಿದ್ದವರಿಗೆ ಗಾಬರಿಯಾಗಿತ್ತು.

ಎಷ್ಟೋ ಕಾಲ ಕಳೆದು, ಭಾವ ತೀರಿಕೊಂಡ ಮೇಲೆ, ಅಕ್ಕ ಮತ್ತೆ ಚಾಮರಾಜಪೇಟೆಗೆ ನನ್ನ ಹತ್ತಿರವೇ ಬಂದಳು. ಅವಳಿಗೆ ಮಕ್ಕಳಿಲ್ಲ. ನನಗೆ ಮದುವೆಯೇ ಆಗಲಿಲ್ಲ, ಅದು ಇನ್ನೊಂದು ಪ್ರಬಂಧಕ್ಕಾಗುವಷ್ಟಿದೆ. ಅಕ್ಕ ಬರುವಾಗ ಹೆಚ್ಚೇನೂ ತರಲಿಲ್ಲ. ಬಟ್ಟೆಗಳ ನಡುವೆ ಸುತ್ತಿಟ್ಟ ಅಮ್ಮನ ಕಂಚಿನ ಲೋಟ ಇತ್ತು. ಸಕ್ಕರೆ ಕಾಯಿಲೆಯೂ ಅವಳ ಜೊತೆ ಬಂದಿತ್ತು. ಅದು ಮೊದಲು ಕಾಫಿಯ ಸಕ್ಕರೆ ತೆಗೆಯಿತು, ಆಮೇಲೆ ಕಣ್ಣಿಗೆ ಕೈ ಹಾಕಿತು. ಕೊನೆಕೊನೆಗೆ ಕಿಟಕಿ ಎಲ್ಲಿದೆ ಎಂದು ಗೊತ್ತಾಗುವಷ್ಟು ಬೆಳಕು ಉಳಿದಿತ್ತು, ಅಷ್ಟೇ. ಒಂದು ದಿನವೂ ಓದದೆ ಇದ್ದವಳಲ್ಲ ಅವಳು. ಒಂದು ಸಂಜೆ ಕಾಫಿ ಮುಗಿಸಿ ಲೋಟವನ್ನು ಎದುರಿಗಿಟ್ಟುಕೊಂಡು, “ಓದು ನಂಜ” ಎಂದಳು.

ಓದಿದೆ. ಪೇಪರಿನ ಒಂದು ಸುದ್ದಿ. ಟಣ್. ಟಣ್. ಟಣ್ ಟಣ್. ಅಕ್ಕನ ಮುಖ ಅರಳುತ್ತಿತ್ತು, ನನ್ನ ಬೆನ್ನು ಬೆವರುತ್ತಿತ್ತು. ಹುಡುಗನಾಗಿದ್ದಾಗ ಇಲ್ಲದ ಸಂಕಟ ತಲೆ ನರೆತ ಮೇಲೆ ಬಂದಿತ್ತು. ಈ ವಯಸ್ಸಿನಲ್ಲೂ ಸರಿಯಾಗಿ ಓದಲು ಬಾರದವನು ಎಂದು ಪ್ರತಿ ಟಣ್ಣೂ ಸಾರುತ್ತಿದೆ ಎನಿಸುತ್ತಿತ್ತು. ಹೀಗೇ ಕೆಲವು ಸಂಜೆ ನಡೆಯಿತು. ಆಮೇಲೆ ನನಗೆ ಸಂಜೆ ಹೊತ್ತು ತಲೆನೋವು ಬರತೊಡಗಿತು.

ಆ ತಲೆನೋವಿಗೆ ಔಷಧಿ ಸಿಕ್ಕಿದ್ದು ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ. ನಾನು ಅಲ್ಲಿಗೆ ಹೋಗುತ್ತಿದ್ದುದು ಪೇಪರ್ ನೋಡಲು, ಸಿನಿಮಾ ಪುಟದ ಚಿತ್ರ ನೋಡಲು ಎಂದರೂ ಸುಳ್ಳಲ್ಲ. ಒಳಗೆ ಗಾಜಿನ ಗೋಡೆಯಾಚೆ ಕೆಲವು ಕಂಪ್ಯೂಟರುಗಳು. ಸರ್ಕಾರಿ ಕೆಲಸದ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರು ಅಲ್ಲಿ ತಲೆ ಬಗ್ಗಿಸಿ ಕೂತಿರುತ್ತಾರೆ. ಮೇಲೆ ‘ಡಿಜಿಟಲ್ ವಿಭಾಗ, ಉಚಿತ’ ಎಂಬ ಫಲಕ. ಗ್ರಂಥಪಾಲಕಿ ಶೈಲಜಾ ಮೇಡಂ ಒಂದು ದಿನ ಬಿಡುವಾಗಿದ್ದಾಗ ಅದರಲ್ಲಿ ಏನೇನಿದೆ ಎಂದು ನನಗೆ ತೋರಿಸಿದರು. ಪುಸ್ತಕಗಳು, ನಿಘಂಟುಗಳು, ಮಕ್ಕಳ ಪಾಠದ ವಿಡಿಯೋಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಎಂದೋ ನಿಂತ ಪತ್ರಿಕೆಗಳ ಪುಟಗಳು. ಮನೆಯಲ್ಲೇ ಕೂತು ಮೊಬೈಲಿನಲ್ಲೂ ನೋಡಬಹುದಂತೆ. ಅಂಗಡಿಯ ಬುದ್ಧಿ ಎಲ್ಲಿ ಹೋಗುತ್ತದೆ?

“ಫ್ರೀ ಅಂದ್ರೆ ಯಾವುದರ ಜೊತೆ ಫ್ರೀ ಮೇಡಂ?” ಎಂದೆ. ನಮ್ಮಲ್ಲಿ ಬ್ಲೌಸ್ ಪೀಸು ಫ್ರೀ ಎಂದರೆ ಅದರ ಹಿಂದೆ ಒಂದು ಸೀರೆ ಇದ್ದೇ ಇರುತ್ತಿತ್ತು.

“ಮನೆ ಕಂದಾಯ ಕಟ್ತೀರಲ್ಲ, ಅದರ ಜೊತೆ” ಎಂದರು ಮೇಡಂ. “ನೀವು ಆಗಲೇ ಕೊಟ್ಟಾಗಿದೆ. ತಗೊಳ್ದೇ ಇದ್ರೆ ನಿಮಗೇ ನಷ್ಟ.”

ಇಷ್ಟು ಚೆನ್ನಾಗಿ ಮಾರುವವರನ್ನು ನಾನು ಚಿಕ್ಕಪೇಟೆಯಲ್ಲೂ ಕಂಡಿರಲಿಲ್ಲ. ಕಣ್ಣು ಕಾಣದ ಅಕ್ಕ ಇದ್ದಾಳೆ ಎಂದಾಗ ಮೇಡಂ ಧ್ವನಿಪುಸ್ತಕಗಳನ್ನು ತೋರಿಸಿದರು. ಅದರಲ್ಲೊಂದು ಹೆಣ್ಣು ದನಿ, ಕಂಪ್ಯೂಟರಿನದೇ, ಯಾವ ಪುಸ್ತಕವನ್ನಾದರೂ ಓದಿ ಹೇಳುತ್ತದೆ. ಕಿವಿಗೆ ಹಿಡಿದು ಕೇಳಿದೆ. ಒಂದು ಒತ್ತಕ್ಷರಕ್ಕೂ ಎಡವಲಿಲ್ಲ. ನನ್ನ ಮೊಬೈಲ್ ನಂಬರಿಗೆ ಅಕ್ಕನ ಹೆಸರು ನೋಂದಾಯಿಸಿಕೊಂಡು, ಮೊದಲ ಪುಸ್ತಕ ಎರವಲು ಪಡೆದು, ಎಷ್ಟೋ ದಿನಗಳ ಮೇಲೆ ತಲೆನೋವಿಲ್ಲದೆ ಮನೆಗೆ ಬಂದೆ.

ಅಕ್ಕ ಮೊದಲ ದಿನ ಕುತೂಹಲದಿಂದಲೇ ಕೇಳಿದಳು. “ಪರವಾಗಿಲ್ವೇ, ಮದುವೆ ಬೇಡ ಬೇಡ ಅಂತಿದ್ದೋನು ಕೊನೆಗೂ ಒಬ್ಬಳನ್ನ ಮನೆಗೆ ಕರ್ಕೊಂಡು ಬಂದೆ” ಎಂದಳು. ಅಂದಿನಿಂದ ಆ ದನಿಗೆ ‘ತಮ್ಮನ ಹೆಂಡ್ತಿ’ ಎಂದೇ ಹೆಸರಾಯಿತು. ತಮ್ಮನ ಹೆಂಡತಿ ಯಾವ ಊರಿನವಳು ಎಂದು ಅವಳ ಮಾತಿನಿಂದ ತಿಳಿಯುತ್ತಿರಲಿಲ್ಲ. ಮದುವೆಯನ್ನೂ ಸಾವನ್ನೂ ಒಂದೇ ಹದದಲ್ಲಿ ಓದುವಳು. ತಾಯಿ ಮಗುವನ್ನು ಕಳೆದುಕೊಂಡು ಎದೆ ಬಡಿದುಕೊಳ್ಳುತ್ತಿರುವಾಗ ನಡುವೆ ಪುಟ ಸಂಖ್ಯೆ ಹೇಳಿ ಮುಂದುವರಿಯುವಳು. ಅಕ್ಕ ನಕ್ಕಳು. ಆದರೆ ಅಭ್ಯಾಸದಂತೆ ಎದುರಿಗಿಟ್ಟುಕೊಂಡಿದ್ದ ಲೋಟದ ಮೇಲೆ ಚಮಚ ಒಮ್ಮೆಯೂ ಏಳಲಿಲ್ಲ.

“ಹೇಗಿದೆ ಅಕ್ಕ?” ಎಂದೆ.

“ಚೆನ್ನಾಗಿ ಓದ್ತಾಳೆ. ತಪ್ಪೇ ಮಾಡಲ್ಲ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ನಂಗೇನು ಕೆಲಸ ಇಲ್ಲ ಹಾಗಾದ್ರೆ” ಎಂದಳು.

ನಾನು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡೆ. ಮರುದಿನದಿಂದ ಸಂಜೆ ಕಾಫಿ ಕೊಟ್ಟು, ಮೊಬೈಲಿನಲ್ಲಿ ದನಿ ಹಾಕಿ, ಅದನ್ನು ಅವಳ ಪಕ್ಕದ ಸ್ಟೂಲಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ. ಬಸವನಗುಡಿಯ ಕಡೆ ನಡೆದು, ಬ್ಯೂಗಲ್ ರಾಕಿನ ಬಂಡೆಯ ಮೇಲೆ ಕೂತು, ಬಾವಲಿಗಳು ಮರ ಬಿಡುವುದನ್ನು ನೋಡಿ, ಗಾಂಧಿ ಬಜಾರಿನಲ್ಲಿ ಕೊಳ್ಳುವ ಮನಸ್ಸಿಲ್ಲದೆಯೂ ಹೂವಿನ ಬೆಲೆ ಕೇಳಿಕೊಂಡು ಬರುತ್ತಿದ್ದೆ. ಹೋಗಬೇಕಾದ ಕೆಲಸ ಒಂದೂ ಇರಲಿಲ್ಲ. ಮನೆಯಲ್ಲಿ ಒಬ್ಬರು ಒಂಟಿ, ಬಂಡೆಯ ಮೇಲೆ ಒಬ್ಬರು ಒಂಟಿ. ನಡುವೆ ಯಾರಿಗೂ ಸೇರದ ದನಿಯೊಂದು ತಪ್ಪಿಲ್ಲದೆ ಓದುತ್ತಿತ್ತು.

ಈ ನಡುವೆ ಅಕ್ಕ ಒಂದು ದಿನ, “ಅಷ್ಟೆಲ್ಲ ಇದೆ ಅಂತೀಯಲ್ಲ, ನಮ್ಮ ನೀಲಿ ಇದ್ದಾಳೇನೋ ನೋಡು” ಎಂದಳು.

ಮೇಡಂ ಪತ್ರಿಕೆಯ ಹೆಸರು ಹಾಕಿ ಹುಡುಕಿದರು. ಬಂತು. ವರ್ಷಗಳ ಸಾಲು, ತಿಂಗಳುಗಳ ಸಾಲು, ಕಂದುಬಣ್ಣಕ್ಕೆ ತಿರುಗಿದ ಪುಟಗಳು. ದಂಡೆಯ ಮೇಲೆ ಲಂಗ ಎತ್ತಿ ಕಟ್ಟಿಕೊಂಡು ನಿಂತ ನೀಲಿಯ ಚಿತ್ರ ತೆರೆಯ ಮೇಲೆ ಬಂದಾಗ, ವಠಾರದ ಒಲೆಯ ಹೊಗೆ ಮೂಗಿಗೆ ಬಡಿಯಿತು. ಇದನ್ನು ಆ ದನಿಯಲ್ಲಿ ಓದಿಸಿ ಕೊಡಿ ಎಂದೆ. ಮೇಡಂ ತಲೆಯಾಡಿಸಿದರು.

“ಇವು ಹಳೇ ಪುಟದ ಫೋಟೋಗಳು ಸರ್. ನಮ್ಮಲ್ಲಿರೋ ಆ ದನಿಗೆ ಇದರಲ್ಲಿ ಅಕ್ಷರ ಇದೆ ಅಂತಾನೇ ಗೊತ್ತಾಗಲ್ಲ. ಇದನ್ನ ಕಣ್ಣಿರೋರು ನೋಡಿ ಓದಿ ಹೇಳ್ಬೇಕು. ನೀವಿದೀರಲ್ಲ.”

ನಾನಿದ್ದೆ. ಮನೆಗೆ ನಡೆಯುವ ದಾರಿಯುದ್ದಕ್ಕೂ ಆ ಮಾತೇ ಕಾಲಿಗೆ ತೊಡರುತ್ತಿತ್ತು. ಅಕ್ಕ ಕಾಫಿ ಮುಗಿಸಿ ಕೂತಿದ್ದಳು. “ಸಿಕ್ಕಳೇನೋ?” ಎಂದಳು.

“ಇಲ್ಲ ಅಕ್ಕ. ಆ ವರ್ಷದ್ದು ಒಂದೂ ಉಳಿದಿಲ್ವಂತೆ. ಹಳೇ ಸಂಚಿಕೆಯೆಲ್ಲ ಗೆದ್ದಲು ತಿಂದು ಹೋಗಿದ್ಯಂತೆ. ಪಾಪ, ಮೇಡಂ ಬೇರೆ ಊರಿನ ಲೈಬ್ರರಿಗೂ ಫೋನ್ ಮಾಡಿ ವಿಚಾರಿಸಿದ್ರು, ಎಲ್ಲೂ ಇಲ್ಲ” ಎಂದೆ.

ಅಕ್ಕ ಖಾಲಿ ಲೋಟದೊಳಗೆ ಚಮಚವನ್ನು ಒಂದು ಸುತ್ತು ತಿರುಗಿಸಿ ಕೆಳಗಿಟ್ಟಳು. ತಳದಲ್ಲಿ ಉಳಿದ ಸಕ್ಕರೆ ಇರಬೇಕು ಎಂದುಕೊಂಡೆ. ಅವಳ ಕಾಫಿಗೆ ನಾನು ಸಕ್ಕರೆ ಹಾಕುವುದನ್ನು ಬಿಟ್ಟು ಎಷ್ಟು ಕಾಲವಾಗಿತ್ತು ಎಂಬುದು ಆಗ ಹೊಳೆಯಲಿಲ್ಲ. ಅವಳು ಲೋಟವನ್ನು ಕವುಚಿ ಹಾಕಿ, “ಸರಿ ಬಿಡು. ನಿನ್ನ ಹೆಂಡ್ತೀನ ಕರಿ” ಎಂದಳು.

ಸುಳ್ಳಾದರೂ ಒಂದಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಮರುದಿನ ನಾನು ಗ್ರಂಥಾಲಯದ ಗಾಜಿನ ಕೋಣೆಯಲ್ಲಿ ಕೂತು ನೀಲಿಯ ಕಥೆಯನ್ನು ಮೊದಲ ಕಂತಿನಿಂದ ಓದತೊಡಗಿದೆ. ಮಧ್ಯಾಹ್ನ ಅಕ್ಕ ಮಲಗಿದಾಗ ಬರುವುದು, ತೆರೆಯ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದುವುದು. ಪರೀಕ್ಷೆಯ ಮಕ್ಕಳು ತಿರುಗಿ ನೋಡಿ ಸುಮ್ಮನಾಗುತ್ತಿದ್ದರು. ಬೆಲ್ಲದ ಡಬ್ಬಿಗೆ ಕೈ ಹಾಕಿದ ಹುಡುಗನ ಹಾಗೆ ನಾನು ಅಕ್ಕನ ಕಥೆಯನ್ನು ಒಬ್ಬನೇ ಕೂತು ತಿಂದೆ. ರುಚಿಯಾಗಿಯೇ ಇತ್ತು. ಅದೇ ಇನ್ನೂ ನಾಚಿಕೆ. ಒಂದು ದಿನ ಮೇಡಂ ಪಕ್ಕದಲ್ಲಿ ಬಂದು ನಿಂತು, “ಅಕ್ಕನಿಗೆ ಓದಿ ಹೇಳ್ತಿದೀರಾ ಸರ್?” ಎಂದರು. “ದಿನಾ ಓದ್ತೀನಿ ಮೇಡಂ. ಅವಳಿಗೆ ಎಷ್ಟು ಖುಷಿ ಅಂತೀರಿ” ಎಂದೆ. ಮೇಡಂ ಅವರ ಮುಖ ಬೆಳಗಿತು. ಇಲ್ಲಿಗೆ ಬರುವ ಹಿರಿಯರಿಗೆಲ್ಲ ನಿಮ್ಮ ವಿಷಯ ಹೇಳುತ್ತಿರುತ್ತೇನೆ ಎಂದರು. ಅಂದು ಕಥೆ ಮುಂದೆ ಹೋಗಲಿಲ್ಲ. ಎದ್ದು ಬಂದೆ.

ಕೊನೆಯ ಕಂತಿಗೆ ಬರುವ ಹೊತ್ತಿಗೆ ಇನ್ನೊಂದು ವಿಷಯ ಗೊತ್ತಾಯಿತು. ನೀಲಿ ಹೊಳೆ ಸಮುದ್ರ ಸೇರುವ ಕಡೆ ಬಂದು ನಿಲ್ಲುತ್ತಾಳೆ. ಆಚೆ ದಡದಲ್ಲಿ ಒಂದು ಗುಡಿಸಲು, ಒಂದು ದೀಪ. ಅವಳು ತಮ್ಮನ ಹೆಸರು ಹಿಡಿದು ಕೂಗುತ್ತಾಳೆ. ಅಲ್ಲಿಗೆ ಪುಟ ಮುಗಿಯುತ್ತದೆ. ಮುಂದಿನದು ಕೇಶತೈಲದ ಜಾಹೀರಾತು, ಅದರ ಮುಂದೆ ಮುಂದಿನ ತಿಂಗಳ ಮುಖಪುಟ. ನಡುವಿನ ಹಾಳೆ ಫೋಟೋ ತೆಗೆಯುವ ಮೊದಲೇ ಯಾವಾಗಲೋ ಹರಿದುಹೋಗಿತ್ತು.

ಇದಾದ ಕೆಲವೇ ದಿನಕ್ಕೆ, ನಾನು ಮೊದಲು ಹೇಳಿದಂಥದೇ ಮೆಸೇಜು ಬಂತು. ಅವಧಿ ನಾಳೆ ಮುಗಿಯುತ್ತದೆ, ಮುಂದುವರಿಸಲು ಇಲ್ಲಿ ಒತ್ತಿ. ಆಮೇಲೆ ಒತ್ತಿದರಾಯಿತು ಎಂದು ಬಿಟ್ಟೆ, ಮರೆತೆ. ಮರುದಿನ ಸಂಜೆ ಎಂದಿನಂತೆ ದನಿ ಹಾಕಿ ಹೊರಟೆ. ಅಂದು ಬಂಡೆಯ ಮೇಲೆ ಹಳೆಯ ಗಿರಾಕಿಯೊಬ್ಬರು ಸಿಕ್ಕರು, ಮಾತು ಬೆಳೆಯಿತು. ಬಾಗಿಲು ತೆಗೆದಾಗ ಮನೆಯಲ್ಲಿ ಸದ್ದಿರಲಿಲ್ಲ. ದೀಪವನ್ನೂ ಹಾಕಿರಲಿಲ್ಲ. ಅಕ್ಕ ಕುರ್ಚಿಯಲ್ಲಿ ನೇರವಾಗಿ, ಮುಖವನ್ನು ಸ್ಟೂಲಿನ ಕಡೆ ತಿರುಗಿಸಿ ಕೂತಿದ್ದಳು. ಯಾರೋ ಮಾತಾಡುತ್ತಿದ್ದವರು ಒಳಗೆ ಹೋಗಿದ್ದಾರೆ, ಈಗ ಬರುತ್ತಾರೆ ಎನ್ನುವ ಹಾಗೆ. ಮೊಬೈಲ್ ತೆಗೆದು ನೋಡಿದೆ. ಅವಧಿ ಮುಗಿದಿದೆ ಎಂದಿತ್ತು. ಪುಸ್ತಕ ತಾನಾಗಿಯೇ ಗ್ರಂಥಾಲಯಕ್ಕೆ ವಾಪಸು ಹೋಗಿತ್ತು.

“ಎಷ್ಟು ಹೊತ್ತಾಯ್ತು ಅಕ್ಕ ನಿಂತು?”

“ನೀನು ಹೋದ ಮೇಲೆ ಸ್ವಲ್ಪ ಹೊತ್ತಿಗೇ. ಅರ್ಧ ಮಾತಿನಲ್ಲಿ ಎದ್ದು ಹೋದ್ಲು. ಓದಮ್ಮ, ಓದಮ್ಮ ಅಂತ ಕರೆದೆ.” ಅಕ್ಕ ನಗಲು ನೋಡಿದಳು. “ನಿನ್ನ ಹೆಂಡ್ತಿ ಕಣೋ. ನಿನ್ನ ಹಾಗೇ.”

ದೀಪ ಹಾಕಿದೆ. ಅವಳಿಗೆ ಅದರಿಂದ ಏನೂ ಆಗುವಂತಿರಲಿಲ್ಲ. ಒಲೆಯ ಮುಂದೆ ನಿಂತು ಬಹಳ ಹೊತ್ತು ಅನ್ನದ ಪಾತ್ರೆಯನ್ನೇ ನೋಡುತ್ತಿದ್ದೆ.

ಮರುದಿನ ಕಾಫಿ ಕೊಟ್ಟು, ಚಪ್ಪಲಿಯ ಕಡೆ ಹೋಗದೆ, ಎದುರಿಗೆ ಕೂತೆ. ಮೊಬೈಲಿನಲ್ಲಿ ಪುಟವನ್ನು ಬೆರಳಿನಿಂದ ಹಿಗ್ಗಿಸಿಕೊಂಡೆ. “ನೀಲಿ ಸಿಕ್ಕಳು ಅಕ್ಕ” ಎಂದೆ.

“ಗೆದ್ದಲು ತಿಂದಿದ್ದು?”

“ಬೇ... ಬೇರೆ ಕಡೆ ಇತ್ತಂತೆ.”

ಅಕ್ಕ ಕೈ ಚಾಚಿ ಲೋಟವನ್ನು ತಡಕಿ ಹತ್ತಿರ ಎಳೆದುಕೊಂಡಳು. ನಾನು ಮೊದಲ ಸಾಲು ಓದಿದೆ. ಮೂರನೇ ಪದಕ್ಕೇ ಟಣ್.

ಆ ಸಂಜೆಗಳ ವಿಷಯ ಏನು ಹೇಳಲಿ? ನಾನು ಓದುವುದು, ಲೋಟ ಬಡಿಯುವುದು, ನಾನು ಹಿಂದೆ ಹೋಗುವುದು. ಮೊದಲ ದಿನ ಬೆವರಿದೆ, ಆಮೇಲೆ ಬೆವರುವುದನ್ನು ಮರೆತೆ. ಕೆಲವು ಪದಗಳನ್ನು ನಾನು ಬೇಕೆಂದೇ ತಪ್ಪಿದೆ ಎಂದು ಅಕ್ಕನಿಗೆ ಅನುಮಾನ. ಇಲ್ಲ, ಎಲ್ಲವೂ ಅಪ್ಪಟ ನನ್ನವೇ. ಎದುರು ಮನೆಯ ಹೆಂಗಸು, ನಿಮ್ಮ ಮನೇಲಿ ದಿನಾ ಸಂಜೆ ಪೂಜೆನಾ ಎಂದು ಕೇಳಿದಳು. ಹೌದಮ್ಮ, ಮಂಗಳಾರತಿ ನಡೀತಿದೆ ಎಂದು ಅಕ್ಕ ಒಳಗಿನಿಂದ ಕೂಗಿ ಹೇಳಿದಳು.

ಕೊನೆಯ ಕಂತು ಹತ್ತಿರ ಬಂದಂತೆ ನನಗೆ ಒಳಗೊಳಗೇ ಪುಕುಪುಕು. ಇಷ್ಟು ಕಾಲ ಕಾದವಳಿಗೆ ಹಾಳೆ ಹರಿದಿದೆ ಎಂದು ಹೇಗೆ ಹೇಳುವುದು? ಬೆಳಗಿನ ವಾಕಿಂಗಿನಲ್ಲಿ ಒಂದು ಮುಕ್ತಾಯವನ್ನು ಹೊಂದಿಸಿಕೊಂಡೆ. ಗುಡಿಸಲಿನಲ್ಲಿ ಒಬ್ಬ ಮುದುಕಿ, ಅವಳು ಸಾಕಿದ ಹುಡುಗ, ಕೊರಳಲ್ಲಿ ನೀಲಿ ಕಟ್ಟಿದ್ದ ದಾರ, ಅಕ್ಕ ತಮ್ಮ ತಬ್ಬಿಕೊಳ್ಳುವುದು, ಊರಿಗೆ ಊರೇ ದಡದಲ್ಲಿ ನಿಲ್ಲುವುದು. ಸಂಜೆ ಓದಲು ಕೂತೆ. ನೀಲಿ ಕೂಗುವವರೆಗೂ ಎಂದಿನಂತೆ ಎಡವುತ್ತಾ ಬಂದೆ. ಜಾಹೀರಾತಿನ ಪುಟ ಬಂತು. ಅದರಲ್ಲಿ ಉದ್ದ ಜಡೆಯ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಾ ಮುದುಕಿಯನ್ನು ಗುಡಿಸಲಿನಿಂದ ಹೊರಗೆ ಕರೆದೆ. ಮಾತು ಹರಿಯಿತು. ದಾರ ಬಂತು, ಹುಡುಗ ಬಂದ, ಊರು ದಡಕ್ಕೆ ಬಂತು. ಒಂದು ಟಣ್ಣೂ ಇಲ್ಲ. ಚೆನ್ನಾಗಿಯೇ ಸಾಗಿದೆ ಎಂದುಕೊಂಡೆ.

ಗಲಗಲಗಲ.

ಅಕ್ಕ ಚಮಚವನ್ನು ಲೋಟದೊಳಗೆ ಹಾಕಿ ತಿರುಗಿಸುತ್ತಿದ್ದಳು. ನಾನು ನಿಲ್ಲಿಸಿದೆ. ಅವಳೂ ನಿಲ್ಲಿಸಿದಳು.

“ಇಷ್ಟು ಚೆನ್ನಾಗಿ ನೀನು ಯಾವತ್ತು ಓದಿದ್ದೆ ನಂಜ?”

ನಾನು ಜಾಹೀರಾತಿನ ಪುಟವನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದೆ.

“ಪುಟ ಇಲ್ವಾ?”

“ಹರಿದು ಹೋಗಿದೆ ಅಕ್ಕ.”

“ಇಲ್ಲ ಅಂದ್ರೆ ಇಲ್ಲ ಅನ್ನೋದಪ್ಪ. ಗೆದ್ದಲು ತಿಂದಿದೆ ಅಂದ್ಯಲ್ಲ, ಆವತ್ತೂ ಹೀಗೇ ಇತ್ತು. ಒಂದು ಕಡೆನೂ ಎಡವಲಿಲ್ಲ ನೀನು.”

ಆಗ ನನಗೆ ಸಕ್ಕರೆ ಇಲ್ಲದ ಆ ಲೋಟ ನೆನಪಾಯಿತು. “ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ?” ಎಂದೆ.

“ಕೇಳಿದ್ರೆ ಇನ್ನೊಂದು ಹೇಳ್ತಿದ್ದೆ.” ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. “ಓದೋಕೆ ನಾಚಿಕೆ ಅಂತ ಗೊತ್ತಿತ್ತು. ನಂಗೆ ನೀನು ಓದೋದು ಬೇಕಿತ್ತೋ, ಎದುರಿಗೆ ಕೂತಿರೋದು ಬೇಕಿತ್ತೋ, ನನಗೇ ತಿಳೀಲಿಲ್ಲ. ಹೇಗೆ ಕೇಳ್ಲಿ?”

ಹೊರಗೆ ಯಾರದೋ ಸ್ಕೂಟರ್ ಹೋಯಿತು. ನಾನು ಅವಳ ಕುರ್ಚಿಯ ಹತ್ತಿರಕ್ಕೆ ಸರಿದು ಕೂತೆ.

“ಸರಿ, ಪುಸ್ತಕ ಮುಚ್ಚು” ಎಂದಳು ಅಕ್ಕ. “ನೀನೇ ಹೇಳು ಈಗ. ಅಂಗಡಿ ಮಾತು ಬೇಡ. ತಮ್ಮ ಸಿಕ್ಕಿದ್ನಾ ಅವಳಿಗೆ?”

ಬೆಳಗ್ಗೆ ಹೊಂದಿಸಿಟ್ಟುಕೊಂಡಿದ್ದ ಮುದುಕಿ, ದಾರ, ಊರು ಎಲ್ಲ ಎಲ್ಲಿ ಹೋದವೋ ಗೊತ್ತಿಲ್ಲ. ಬಾಯಿ ತೆರೆದೆ. ಪದ ಬರಲಿಲ್ಲ.

“ಸಿ... ಸಿಕ್ಕಿದ ಅಕ್ಕ” ಎಂದೆ. “ತ... ತಡ ಆಯ್ತು. ತುಂಬಾ ತಡ ಆಯ್ತು. ಆದ್ರೆ... ಸಿಕ್ಕಿದ.”

ಅಕ್ಕ ಚಮಚವನ್ನು ಹಿಡಿದುಕೊಂಡೇ ಇದ್ದಳು. ಬಡಿಯಲಿಲ್ಲ.

“ಹ್ಞಾಂ” ಎಂದಳು. “ಈಗ ಓದ್ತಿರೋ ಹಾಗಿದೆ.”

ಆಮೇಲೆಯೂ ಕೆಲವು ಕಾಲ ಓದಿದೆವು, ಬೇರೆ ಕಥೆಗಳನ್ನು, ಬೇರೆ ಪುಟಗಳನ್ನು. ಆದರೆ ನಾನು ಬಂಡೆಯ ಮೇಲೆ ಕೂತು ಕಳೆದ ಸಂಜೆಗಳಷ್ಟು ಸಂಜೆ ಅವಳಿಗೆ ಉಳಿದಿರಲಿಲ್ಲ. ಅವುಗಳ ಅವಧಿಯನ್ನು ಮುಂದುವರಿಸಲು ಎಲ್ಲಿ ಒತ್ತಬೇಕೆಂದು ಯಾವ ಮೆಸೇಜೂ ಬರಲಿಲ್ಲ.

ಅವರೆಕಾಳು ಅರ್ಧ ಬಟ್ಟಲಾಯಿತು. ಒಬ್ಬನಿಗೆ ಅಷ್ಟು ಧಾರಾಳ. ಸಂಜೆ ಕಾಫಿ ಕುಡಿದು ಅಕ್ಕನ ಪುಸ್ತಕವನ್ನು ಹಾಕಿದೆ, ಅಂದು ಅರ್ಧ ಮಾತಿಗೆ ನಿಂತುಹೋಗಿ, ಆಮೇಲೆ ನಾನು ಮತ್ತೆ ಎರವಲು ಪಡೆದದ್ದೇ. ದನಿ ಎಂದಿನಂತೆ ಶುರುವಾಯಿತು. ಎದುರಿಗೆ ಕಂಚಿನ ಲೋಟ, ಕೈಯಲ್ಲಿ ಚಮಚ. ಒಂದು ಪದವಾದರೂ ತಪ್ಪಲಿ ಎಂದು ಕಿವಿಗೊಟ್ಟು ಕೂತೆ. ಅವಳು ಪುಟ ಸಂಖ್ಯೆ ಹೇಳಿ ಮುಂದಕ್ಕೆ ಹೋದಳು.